ದಾಂಪತ್ಯದ ನವೆ, ಉರಿ: ಸಂಕೋಚ ಬಿಟ್ಟು ನಾಲ್ಕು ಮಾತು

ಹೊಸರುಚಿ, ಕಸೂತಿ, ಮಕ್ಕಳ ಕೆಮ್ಮು ನೆಗಡಿ ಅಂತ ನಾವು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇವೆ. ಆದರೆ ಗಂಡನ ಜೊತೆ ಸೇರಿದ ಮೇಲೆ ಮೈಮೇಲೆ ದದ್ದು ಎದ್ದಿತು, ಉರಿಯಿತು, ನವೆಯಾಯಿತು ಅನ್ನುವುದನ್ನು ಹೆತ್ತ ತಾಯಿಗೂ ಹೇಳುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಾದರೇನು, ಎಲ್ಲರಿಗೂ ಎಲ್ಲರ ಗುರುತು. ಮೆಡಿಕಲ್ ಸ್ಟೋರಿನ ಹುಡುಗ ನಮ್ಮೆಜಮಾನರ ಸ್ನೇಹಿತನ ತಮ್ಮನೇ ಆಗಿರುತ್ತಾನೆ. ಕೇಳೋದು ಯಾರನ್ನ? ಈ ನವೆಗಿಂತ ದೊಡ್ಡ ಕಷ್ಟ ಅನುಮಾನದ್ದು. “ಇದು ಎಲ್ಲಿಂದ ಬಂತು?” ಅನ್ನುವ ಒಂದು ಪ್ರಶ್ನೆ ಸಾಕು, ಮನೆ ಎರಡು ಭಾಗ ಆಗುತ್ತದೆ.

ನಮ್ಮ ದೂರದ ನೆಂಟರ ಹುಡುಗಿಯೊಬ್ಬಳು ಶ್ರೀನಿವಾಸಪುರದ ಕಡೆ ಮಾವಿನ ತೋಟದ ಮನೆಗೆ ಸೊಸೆಯಾಗಿ ಹೋದಳು. ಮೇ ತಿಂಗಳು ಬಂತೆಂದರೆ ತೊಡೆ, ಗುಪ್ತಾಂಗದ ಸುತ್ತ ಕೆಂಪಗೆ ದದ್ದು, ಸಣ್ಣ ನೀರುಗುಳ್ಳೆ. ಜುಲೈ ಕಳೆದರೆ ತಾನಾಗಿ ಮಾಯ. ಅತ್ತೆಗೆ ಸೊಸೆಯ ಮೇಲೆ ಅನುಮಾನ, ಸೊಸೆಗೆ ಗಂಡನ ಮೇಲೆ. ಕೊನೆಗೆ ಚರ್ಮದ ವೈದ್ಯರು ಕೇಳಿದ್ದು ಒಂದೇ: “ನಿಮ್ಮ ಯಜಮಾನರು ಏನು ಕೆಲಸ ಮಾಡ್ತಾರಮ್ಮಾ?”

ಕಾರಣ ಮಾವಿನ ಸೊನೆ! ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮುವ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು, ಮಾವು ಎಲ್ಲ ಒಂದೇ ಸಸ್ಯ ಕುಟುಂಬದವು. ಗಂಡನ ಅಂಗೈ ಚರ್ಮ ದಪ್ಪ, ಅವನಿಗೆ ಏನೂ ಆಗದಿರಬಹುದು. ಅದೇ ಕೈ ಹೆಂಡತಿಯ ಮೃದುವಾದ ಜಾಗಕ್ಕೆ ತಗುಲಿದರೆ ಒಂದೆರಡು ದಿನ ಬಿಟ್ಟು ದದ್ದು ಏಳುತ್ತದೆ. ಹೀಗೆ ತಡವಾಗಿ ಏಳುವುದರಿಂದಲೇ ಯಾರಿಗೂ ಸೊನೆಯ ನೆನಪು ಬರುವುದಿಲ್ಲ. ತೋಟದಿಂದ ಬಂದವರು ಕೈಯನ್ನು, ಉಗುರಿನ ಸಂದಿಯನ್ನು ಸೋಪು ಹಾಕಿ ತಿಕ್ಕಿ ತೊಳೆದು, ಬಟ್ಟೆ ಬದಲಾಯಿಸಿದರೆ ಅರ್ಧ ಕಾಯಿಲೆ ಹೋಯಿತು. ಕಾಂಗ್ರೆಸ್ ಗಿಡ ಕಿತ್ತು ಬಂದವರಿಗೂ ಇದೇ ಮಾತು. ಮೆಣಸಿನಕಾಯಿ ಹೆಚ್ಚಿದ ಕೈಯ ವಿಷಯ ನಿಮಗೆ ಹೇಳಬೇಕಾಗಿಲ್ಲ!

ಇನ್ನು ನೀರು. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ನೊರೆಯೇ ಬರುವುದಿಲ್ಲ ಅಂತ ಇನ್ನಷ್ಟು ಸೋಪು ಉಜ್ಜುತ್ತೇವೆ. ಒಳಉಡುಪಿನಲ್ಲಿ ಸೋಪಿನ ಪುಡಿ ಉಳಿದೇಬಿಡುತ್ತದೆ. ಸೇರಿದ ಮೇಲೆ “ಮೈಲಿಗೆ” ಅಂತ ಕ್ರಿಮಿನಾಶಕ ದ್ರಾವಣ ಹಾಕಿ ಒಳಗೆಲ್ಲ ತೊಳೆಯುವವರಿದ್ದಾರೆ. ದಯವಿಟ್ಟು ಬೇಡ. ಯೋನಿ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ, ಹೊರಗೆ ಬರಿ ನೀರು ಸಾಕು. ನಲವತ್ತು ದಾಟಿದ ನಮ್ಮಂಥವರಿಗೆ, ಹಾಲೂಡಿಸುವ ಬಾಣಂತಿಯರಿಗೆ ಅಲ್ಲಿ ಒಣಗಿದಂತಾಗಿ, ತಿಕ್ಕಾಟಕ್ಕೇ ಕೆಂಪಾಗಿ ಉರಿಯುವುದೂ ಉಂಟು. ಅದು ಅಲರ್ಜಿಯಲ್ಲ. ಅವಸರ ಮಾಡಬಾರದು. ಸಾಲದಿದ್ದರೆ ವೈದ್ಯರು ಹೇಳುವ ಜಾರುಜೆಲ್ ಬಳಸಬಹುದು.

ನಿರೋಧ್ ಬಳಸಿದಾಗ ಮಾತ್ರ ತೊಂದರೆಯೇ? ಹಾಗಿದ್ದರೆ ರಬ್ಬರಿನ ಅಲರ್ಜಿ ಇರಬಹುದು. 1968ರಿಂದ ಊರೂರಿಗೆ ಬಂದ ನಿರೋಧ್ ತಯಾರಾಗುವುದು ರಬ್ಬರ್ ಮರದ ಹಾಲಿನಿಂದ. ಆ ಹಾಲಿನ ಪ್ರೋಟೀನು ಆಗದವರಿಗೆ ಕೆಲವೇ ನಿಮಿಷಗಳಲ್ಲಿ ಊತ, ನವೆ. ರಬ್ಬರಿಗೆ ಸೇರಿಸುವ ರಾಸಾಯನಿಕ ಆಗದವರಿಗೆ ಒಂದೆರಡು ದಿನದ ಮೇಲೆ ದದ್ದು. ಬಲೂನು ಊದಿದಾಗ ತುಟಿ ಊದುತ್ತದೆಯೇ, ಬಾಳೆಹಣ್ಣು, ಪರಂಗಿಹಣ್ಣು ತಿಂದರೆ ಬಾಯಿ ನವೆಯಾಗುತ್ತದೆಯೇ ಜ್ಞಾಪಿಸಿಕೊಳ್ಳಿ. ರಬ್ಬರ್ ಅಲರ್ಜಿಯವರಿಗೆ ಕೆಲವೊಮ್ಮೆ ಈ ಹಣ್ಣುಗಳೂ ಆಗುವುದಿಲ್ಲ. ರಬ್ಬರ್ ಹಾಲಿಲ್ಲದ ನಿರೋಧಕಗಳೂ ಈಗ ಸಿಗುತ್ತವೆ, ಬೆಲೆ ಹೆಚ್ಚು. ಒಂದು ಮಾತು: ಉರಿ ಅಂತ ಕೊಬ್ಬರಿ ಎಣ್ಣೆ ಸವರಿದರೆ ಮಾಮೂಲಿ ನಿರೋಧ್ ಹರಿದುಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ನಿರೋಧ್ ಇಲ್ಲದಿದ್ದಾಗಲೇ ಉರಿ, ಹಾಕಿದರೆ ಏನೂ ಇಲ್ಲ ಅನ್ನುವವರೂ ಇದ್ದಾರೆ. ಇದು ವೀರ್ಯದ ಅಲರ್ಜಿ ಇರಬಹುದು. ನಗಬೇಡಿ, 1958ರಲ್ಲೇ ಹಾಲೆಂಡಿನಿಂದ ಇದರ ಮೊದಲ ವರದಿ ಬಂತು. ತೀರ ಅಪರೂಪ, ಆದರೆ ಸುಳ್ಳಲ್ಲ. ವೀರ್ಯದ್ರವದ ಪ್ರೋಟೀನು ಹೆಂಡತಿಯ ಮೈಗೆ ಒಗ್ಗದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಉರಿ, ಊತ, ಕೆಲವರಿಗೆ ಮೈಯೆಲ್ಲ ಪಿತ್ತಗಂಧೆ. ಇದು ಗಂಡನ ದೋಷವೂ ಅಲ್ಲ, ಹೆಂಡತಿಗೆ ಮನಸ್ಸಿಲ್ಲದ್ದಕ್ಕೆ ಗುರುತೂ ಅಲ್ಲ. ಇದರಿಂದಲೇ ಬಂಜೆತನ ಬರುವುದಿಲ್ಲ. ಸೇರಲಾಗದಷ್ಟು ತೊಂದರೆಯಿದ್ದರೂ ವೀರ್ಯಾಣುಗಳನ್ನು ತೊಳೆದು ಗರ್ಭಕ್ಕೆ ಸೇರಿಸುವ ವಿಧಾನ ಇದೆ.

ಉಸಿರು ಕಟ್ಟಿದರೆ, ಮುಖ, ನಾಲಿಗೆ ಊದಿದರೆ, ತಲೆ ಸುತ್ತಿ ಬಿದ್ದರೆ ನಾಚಿಕೆ ಪಡುತ್ತ ಕೂರಬೇಡಿ, ಕೂಡಲೇ 108ಕ್ಕೆ ಫೋನು ಮಾಡಿ. ಹೀಗೆ ಒಮ್ಮೆ ಆದವರು ಮನೆಯಲ್ಲಿ ಮತ್ತೆ ಪರೀಕ್ಷೆ ಮಾಡಿ ನೋಡಕೂಡದು.

ಎಲ್ಲವನ್ನೂ ಅಲರ್ಜಿಯ ತಲೆಗೆ ಕಟ್ಟಲೂಬಾರದು. ಮೊಸರಿನ ಗಸಿಯಂಥ ಬಿಳಿ ಹೋಗಿ ನವೆಯಾದರೆ ಬೂಷ್ಟಿನ ಸೋಂಕು, ಸಕ್ಕರೆ ಕಾಯಿಲೆಯವರಿಗೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಪರಪುರುಷ, ಪರಸ್ತ್ರೀಯ ಸಂಬಂಧ ಬೇಕಿಲ್ಲ. ರಾತ್ರಿ ಹೆಚ್ಚಾಗುವ ನವೆ ಕಜ್ಜಿಯಿರಬಹುದು, ಮನೆಮಂದಿಯೆಲ್ಲ ಒಂದೇ ಸಲ ಔಷಧಿ ಹಚ್ಚಬೇಕು. ನೋವಿನ ಗುಳ್ಳೆ, ಹುಣ್ಣು, ಕೆಟ್ಟ ವಾಸನೆಯ ಸ್ರಾವ, ಕೆಳಹೊಟ್ಟೆ ನೋವು ಇದ್ದರೆ ತಡಮಾಡದೆ ತೋರಿಸಬೇಕು. ಲೈಂಗಿಕ ಸೋಂಕು ಅಂತ ಗೊತ್ತಾದರೆ ಗಂಡನಿಗೂ ಚಿಕಿತ್ಸೆ ಆಗಲೇಬೇಕು. ಇಲ್ಲದಿದ್ದರೆ ಗುಣವಾದದ್ದು ತಿರುಗಿ ಬರುತ್ತದೆ.

ಅಂಗಡಿಯಲ್ಲಿ ಕೇಳಿ ತರುವ “ತುರಿಕೆ ಮುಲಾಮು” ನನಗೆ ಎಲ್ಲಕ್ಕಿಂತ ಭಯ. ಅದರಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ಹಚ್ಚಿದ ಎರಡೇ ದಿನಕ್ಕೆ ಹಾಯೆನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬಿರಿಯುತ್ತದೆ, ಬೂಷ್ಟಿನ ಸೋಂಕು ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮು ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಅಂತ ಮಾಡಿತು. ಆದರೂ ಸಿಗುತ್ತಿವೆ. ವೈದ್ಯರನ್ನು ಕಾಣುವವರೆಗೆ ತಣ್ಣೀರಿನ ಬಟ್ಟೆ, ಸಡಿಲವಾದ ಹತ್ತಿ ಉಡುಪು, ಗಂಡನಿಂದ ನಾಲ್ಕು ದಿನ ದೂರ, ಇಷ್ಟೇ.

ತೋರಿಸಲು ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಲೈಂಗಿಕ ಸೋಂಕಿನ ತೊಂದರೆಗೆ ಜಿಲ್ಲಾ ಆಸ್ಪತ್ರೆಗಳಲ್ಲಿ “ಸುರಕ್ಷಾ ಕ್ಲಿನಿಕ್” ಅಂತ ಬೇರೆಯೇ ಇರುತ್ತದೆ. ಅಲ್ಲಿ ಚಿಕಿತ್ಸೆಗೆ ದುಡ್ಡಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಸೇರಿದ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ನಿರೋಧ್ ಇತ್ತೇ, ಯಾವ ಸೋಪು, ಯಾವ ಮುಲಾಮು, ಯಜಮಾನರು ಆ ವಾರ ಏನು ಕೆಲಸ ಮಾಡಿದರು. ಬಾಯಲ್ಲಿ ಹೇಳಲು ನಾಚಿಕೆಯಾದರೆ ಆ ಚೀಟಿಯನ್ನೇ ಡಾಕ್ಟರಮ್ಮನ ಕೈಗೆ ಕೊಟ್ಟುಬಿಡಿ.