ಎತ್ತರಿಸಿದ ಆಫ್-ರೋಡ್ ವಾಹನಗಳ ಕಂಟ್ರೋಲ್ ಆರ್ಮ್

ಕಂಟ್ರೋಲ್ ಆರ್ಮ್ ಎಂಬುದು ಮೋಟಾರು ವಾಹನದ ಚಾಸಿಯನ್ನು ಅದರ ಚಕ್ರ ಅಥವಾ ಅಚ್ಚಿನೊಂದಿಗೆ ಜೋಡಿಸುವ, ಎರಡೂ ತುದಿಗಳಲ್ಲಿ ಕೀಲುಗಳಿರುವ ಲೋಹದ ತೋಳು. ವಾಹನದ ಭಾರವನ್ನು ಹೊರುವುದು ಸ್ಪ್ರಿಂಗಿನ ಕೆಲಸವಾದರೆ, ಚಕ್ರವು ಮೇಲಕ್ಕೂ ಕೆಳಕ್ಕೂ ಆಡುವಾಗ ಹಿಂದೆ-ಮುಂದೆ ಸರಿಯದಂತೆಯೂ ಓರೆಯಾಗದಂತೆಯೂ ಹಿಡಿದಿಡುವುದು ಈ ತೋಳಿನ ಕೆಲಸ. ಕಲ್ಲುನೆಲದಲ್ಲಿ ಓಡಿಸುವ ಸಲುವಾಗಿ ವಾಹನವನ್ನು ಎತ್ತರಿಸಿದಾಗ ತೋಳುಗಳ ಕೋನ ಬದಲಾಗಿ, ಸ್ಟಿಯರಿಂಗಿನ ಸ್ಥಿರತೆ ಕುಂದುತ್ತದೆ. ಆದ್ದರಿಂದ ಎತ್ತರಿಸಿದ ವಾಹನಕ್ಕೆ ತೋಳನ್ನು ಆರಿಸುವಾಗ ಕಳೆದುಹೋದ ಕೋನಗಳನ್ನು ಮರಳಿ ಪಡೆಯುವುದು ಮೊದಲ ಉದ್ದೇಶವಾಗಿರುತ್ತದೆ. ತೋಳಿನ ಗಟ್ಟಿತನ ಅನಂತರದ ಪ್ರಶ್ನೆ.

ರಚನೆ ಮತ್ತು ಕಾರ್ಯ

ಬಾಗಿಲು ತನ್ನ ಕೀಲಿನ ಸುತ್ತ ಕಂಸಾಕಾರವಾಗಿ ತಿರುಗುವಂತೆ ಕಂಟ್ರೋಲ್ ಆರ್ಮ್ ಸಹ ಚಾಸಿಯ ಕಡೆಯ ಕೀಲಿನ ಸುತ್ತ ತಿರುಗುತ್ತದೆ. ಈ ಕೀಲಿನಲ್ಲಿ ಸಾಮಾನ್ಯವಾಗಿ ರಬ್ಬರ್ ಬುಶ್ ಇರುತ್ತದೆ. ಪ್ರತಿ ಚಕ್ರವೂ ಸ್ವತಂತ್ರವಾಗಿ ಆಡುವ ವಾಹನಗಳಲ್ಲಿ ಚಕ್ರದ ಕಡೆಯ ತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ಇಂತಹ ವಾಹನಗಳಲ್ಲಿ ಪ್ರತಿ ಮುಂಚಕ್ರಕ್ಕೆ ಮೇಲೊಂದು, ಕೆಳಗೊಂದು ತೋಳಿದ್ದರೆ ಆ ವಿನ್ಯಾಸವನ್ನು ಡಬಲ್ ವಿಶ್‌ಬೋನ್ ಎನ್ನುತ್ತಾರೆ. ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸಿರುವ ವಾಹನಗಳಲ್ಲಿ ಉದ್ದನೆಯ ತೋಳುಗಳು ಅಚ್ಚನ್ನು ಹಿಂದೆ-ಮುಂದೆ ಸರಿಯದಂತೆ ತಡೆದರೆ, ಪಾನ್ಹಾರ್ಡ್ ರಾಡ್ ಎಂಬ ಅಡ್ಡದಂಡ ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ.

ಭಾರತದ ವಾಹನಗಳಲ್ಲಿ

ಎಲ್ಲ ಆಫ್-ರೋಡ್ ವಾಹನಗಳಲ್ಲೂ ಕಂಟ್ರೋಲ್ ಆರ್ಮ್ ಇರುವುದಿಲ್ಲ. ಹಳೆಯ ಮಹೀಂದ್ರ ಜೀಪುಗಳಲ್ಲಿ ಮತ್ತು 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯಲ್ಲಿ ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್‌ಗಳಿವೆ. ಈ ಉಕ್ಕಿನ ಪಟ್ಟಿಗಳು ಭಾರವನ್ನು ಹೊರುವುದರ ಜೊತೆಗೆ ಅಚ್ಚನ್ನೂ ಹಿಡಿದಿಡುವುದರಿಂದ ಇವುಗಳಲ್ಲಿ ತೋಳಿನ ಪ್ರಶ್ನೆಯೇ ಏಳುವುದಿಲ್ಲ.

2020ರಲ್ಲಿ ಬಂದ ಎರಡನೆಯ ತಲೆಮಾರಿನ ಮಹೀಂದ್ರ ಥಾರ್ ವಾಹನದ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್ ವಿನ್ಯಾಸವೂ, ಹಿಂಭಾಗದಲ್ಲಿ ಹಲವು ತೋಳುಗಳು ಹಿಡಿದಿರುವ ಗಟ್ಟಿ ಅಚ್ಚೂ ಇದೆ. 2023ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಐದು ಬಾಗಿಲುಗಳ ಮಾರುತಿ ಸುಜುಕಿ ಜಿಮ್ನಿಯಲ್ಲಿ ಎರಡೂ ಕಡೆ ಗಟ್ಟಿ ಅಚ್ಚುಗಳಿದ್ದು, ಒಂದೊಂದನ್ನೂ ಎರಡು ತೋಳುಗಳು ಮತ್ತು ಒಂದು ಅಡ್ಡದಂಡ ಹಿಡಿದಿವೆ. ಹೀಗೆ ವಾಹನದ ವಿನ್ಯಾಸಕ್ಕೆ ತಕ್ಕಂತೆ ಪರಿಹಾರವೂ ಬೇರೆಯಾಗುತ್ತದೆ.

ಎತ್ತರಿಸಿದಾಗ ಆಗುವ ವ್ಯತ್ಯಾಸ

ಸೈಕಲ್ಲಿನ ಮುಂಚಕ್ರವನ್ನು ಹಿಡಿದಿರುವ ಕವಲು ನೇರವಾಗಿ ನಿಲ್ಲದೆ ಸವಾರನ ಕಡೆಗೆ ವಾಲಿಕೊಂಡಿರುತ್ತದೆ. ಹ್ಯಾಂಡಲ್ ಬಿಟ್ಟರೂ ಸೈಕಲ್ ನೆಟ್ಟಗೆ ಸಾಗಲು ಈ ವಾಲಿಕೆ ನೆರವಾಗುತ್ತದೆ. ಮೋಟಾರು ವಾಹನದ ಮುಂಚಕ್ರಗಳಲ್ಲಿಯೂ ಇಂತಹುದೇ ವಾಲಿಕೆ ಇದ್ದು, ಅದನ್ನು ಕ್ಯಾಸ್ಟರ್ ಎನ್ನುತ್ತಾರೆ. ಅನೇಕ ವಾಹನಗಳಲ್ಲಿ ಇದು ಕೆಲವೇ ಡಿಗ್ರಿಗಳಷ್ಟಿರುತ್ತದೆ.

ಜಿಮ್ನಿಯಂತಹ ವಾಹನದಲ್ಲಿ ಮುಂದಿನ ತೋಳು ಅಚ್ಚಿಗೆ ಎರಡು ಬುಶ್‌ಗಳಿಂದ ಬಿಗಿಯಾಗಿರುವುದರಿಂದ, ತೋಳು ಎಷ್ಟು ಓರೆಯಾಗುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಅಚ್ಚೂ ತಿರುಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. 500 ಮಿಲಿಮೀಟರ್ ಉದ್ದದ ತೋಳೊಂದು ಮೊದಲು ನೆಲಕ್ಕೆ ಸಮಾನಾಂತರವಾಗಿತ್ತೆಂದು ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ. ಚಾಸಿಯನ್ನು 50 ಮಿ.ಮೀ. ಎತ್ತರಿಸಿದರೆ ತೋಳು ಸುಮಾರು 5.7 ಡಿಗ್ರಿ ಓರೆಯಾಗುತ್ತದೆ ಮತ್ತು ಅಚ್ಚು ಸುಮಾರು 2.5 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. 100 ಮಿ.ಮೀ. ಎತ್ತರಿಸಿದರೆ ಓರೆ ಸುಮಾರು 11.5 ಡಿಗ್ರಿಯಾಗುತ್ತದೆ, ಅಚ್ಚು ಸರಿಯುವ ದೂರ ಸುಮಾರು 10 ಮಿ.ಮೀ. ಆಗುತ್ತದೆ. ಅಂದರೆ ಎತ್ತರ ಎರಡು ಪಟ್ಟಾದಾಗ ಸರಿತ ನಾಲ್ಕು ಪಟ್ಟಾಗುತ್ತದೆ. ಮೊದಲ 50 ಮಿ.ಮೀ. ಏರಿಕೆಯೇ ಕ್ಯಾಸ್ಟರನ್ನು ಅಳಿಸಿಹಾಕಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ಹಿಂದಿನ ಅಚ್ಚು ಇದೇ ಕಾರಣದಿಂದ ತಿರುಗಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳ ಕೋನ ಕೆಟ್ಟು ವಾಹನ ಅದುರಬಹುದು. ಅಡ್ಡದಂಡವೂ ಓರೆಯಾಗಿ ಅಚ್ಚನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಡಬಲ್ ವಿಶ್‌ಬೋನ್ ವಾಹನಗಳಲ್ಲಿ ಮೇಲಿನ ಬಾಲ್ ಜಾಯಿಂಟ್ ತನ್ನ ಚಲನೆಯ ಮಿತಿಯನ್ನು ಬೇಗ ಮುಟ್ಟುತ್ತದೆ. ಚಕ್ರ ಪೂರ್ತಿ ಇಳಿದಾಗ ಮೇಲಿನ ತೋಳು ಸ್ಪ್ರಿಂಗಿಗೆ ತಗಲಬಹುದು.

ಆಯ್ಕೆಯ ಅಂಶಗಳು

ಏರಿಕೆಯ ಪ್ರಮಾಣ: ಏರಿಕೆ ಅಲ್ಪವಾಗಿದ್ದು, ವೀಲ್ ಅಲೈನ್‌ಮೆಂಟ್ ತಯಾರಕರು ಸೂಚಿಸಿದ ಮಿತಿಯೊಳಗೆ ಬಂದರೆ ಮೂಲ ತೋಳುಗಳೇ ಸಾಕು. ಮಿತಿಯೊಳಗೆ ಬಾರದಿದ್ದರೆ ಜಿಮ್ನಿಯಂತಹ ವಾಹನದಲ್ಲಿ ಕ್ಯಾಸ್ಟರನ್ನು ಸರಿಪಡಿಸುವ ವಿಶೇಷ ಬುಶ್, ತೋಳಿನ ಕೀಲನ್ನು ಕೆಳಗಿಳಿಸುವ ಬ್ರಾಕೆಟ್, ಅಥವಾ ಸರಿಪಡಿಸಿದ ಕೋನವುಳ್ಳ ಹೊಸ ತೋಳು ಎಂಬ ಮೂರು ದಾರಿಗಳಿವೆ. ಬ್ರಾಕೆಟ್ ಕೆಳಕ್ಕೆ ಚಾಚಿಕೊಂಡು ಕಲ್ಲಿಗೆ ತಗಲುವ ಸಂಭವವಿರುತ್ತದೆ. ಥಾರ್‌ನಂತಹ ವಾಹನದಲ್ಲಿ ಸಾಮಾನ್ಯವಾಗಿ ಮುಂಭಾಗದ ಮೇಲಿನ ತೋಳುಗಳನ್ನು ಬದಲಿಸಬೇಕಾಗುತ್ತದೆ.

ಸ್ಥಿರ ತೋಳು ಮತ್ತು ಹೊಂದಿಸಬಹುದಾದ ತೋಳು: ಸ್ಥಿರ ತೋಳು ಒಂದು ನಿರ್ದಿಷ್ಟ ಏರಿಕೆಗೆ ಮಾತ್ರ ಸರಿಹೊಂದುತ್ತದೆ. ತಿರುಪಿನಿಂದ ಉದ್ದವನ್ನು ಬದಲಿಸಬಹುದಾದ ತೋಳು ಹಲವು ಎತ್ತರಗಳಿಗೆ ಒದಗುತ್ತದೆ. ಆದರೆ ಅದರ ಲಾಕ್ ನಟ್ ಸಡಿಲವಾಗದಂತೆ ಆಗಾಗ ನೋಡುತ್ತಿರಬೇಕು.

ಕೀಲಿನ ಬಗೆ: ರಬ್ಬರ್ ಬುಶ್ ಅದುರನ್ನು ನುಂಗಿಕೊಳ್ಳುತ್ತದೆ, ಶಬ್ದ ಕಡಿಮೆ. ಪಾಲಿಯುರೆಥೇನ್ ಬುಶ್ ಹೆಚ್ಚು ಬಿಗಿಯಾಗಿದ್ದು, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಲೋಹದ ಗೋಳಾಕಾರದ ಕೀಲು ಅಚ್ಚಿನ ಚಲನೆಗೆ ಹೆಚ್ಚು ಅವಕಾಶ ಕೊಡುತ್ತದೆಯಾದರೂ ದೂಳು ಹೊಕ್ಕರೆ ಬೇಗ ಸವೆಯುತ್ತದೆ.

ಲೋಹ: ಕುಲುಮೆಯಲ್ಲಿ ಬಡಿದು ರೂಪಿಸಿದ ಉಕ್ಕು ಮತ್ತು ದಪ್ಪ ಗೋಡೆಯ ಉಕ್ಕಿನ ಕೊಳವೆ ಪೆಟ್ಟು ಬಿದ್ದಾಗ ಮುರಿಯುವುದಕ್ಕಿಂತ ಮೊದಲು ಬಾಗುತ್ತವೆ. ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಅಲ್ಯೂಮಿನಿಯಮ್ ಹಗುರವಾದರೂ ಕಲ್ಲಿನ ಪೆಟ್ಟಿಗೆ ಬಿರುಕು ಬಿಡಬಹುದು. ಬೆಸುಗೆ ಹಾಕಿದ ತೋಳುಗಳಲ್ಲಿ ಬೆಸುಗೆಯ ಗುಣಮಟ್ಟವೇ ನಿರ್ಣಾಯಕ.

ಮಧುಗಿರಿ ಉಪವಿಭಾಗದ ನೆಲ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ದರಬೆಟ್ಟ ಮತ್ತು ಚನ್ನರಾಯನದುರ್ಗ, ಪಾವಗಡದ ಕೋಟೆಬೆಟ್ಟ ಇವೆಲ್ಲವೂ ಕಲ್ಲುಬಂಡೆಗಳ ಬೆಟ್ಟಗಳು. ಇವುಗಳ ನಡುವೆ ಕೆಮ್ಮಣ್ಣಿನ ಬಂಡಿದಾರಿಗಳೂ ಜಯಮಂಗಲಿಯಂತಹ ನದಿಗಳ ಮರಳುಪಾತ್ರಗಳೂ ಇವೆ. ಮಳೆ ಕಡಿಮೆ, ದೂಳು ಹೆಚ್ಚು. ಇಂತಹ ನೆಲದಲ್ಲಿ ದೂಳು ಹೊಗದಂತೆ ಮುಚ್ಚಿದ ಬಾಲ್ ಜಾಯಿಂಟ್ ಮತ್ತು ರಬ್ಬರ್ ಬುಶ್ ಇರುವ ಉಕ್ಕಿನ ತೋಳು ತೆರೆದ ಗೋಳಕೀಲಿನ ತೋಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ತೋಳು ಚಾಸಿಗಿಂತ ಕೆಳಗೆ ತೂಗದಿರುವುದೂ ಮುಖ್ಯ.

ಕಲ್ಲುದಾರಿಯಲ್ಲಿ ವಾಹನ ನಡಿಗೆಯ ವೇಗದಲ್ಲಿ ಸಾಗುವುದರಿಂದ ಕ್ಯಾಸ್ಟರಿನ ಕೊರತೆ ಅಲ್ಲಿ ಗೊತ್ತಾಗುವುದಿಲ್ಲ. ಅದೇ ವಾಹನ ಶಿರಾದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಬಂದಾಗ ಸ್ಟಿಯರಿಂಗ್ ಅಲೆಯತೊಡಗುತ್ತದೆ. ತಿರುವಿನ ನಂತರ ತಾನಾಗಿ ನೇರವಾಗುವುದಿಲ್ಲ. ಆದಕಾರಣ ತೋಳಿನ ಆಯ್ಕೆಯನ್ನು ಬೆಟ್ಟದ ತಪ್ಪಲಿನಲ್ಲಿ ಮಾತ್ರವಲ್ಲದೆ ಹೆದ್ದಾರಿಯ ವೇಗದಲ್ಲಿಯೂ ಒರೆಗೆ ಹಚ್ಚಬೇಕಾಗುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಇಂತಹ ಹುಲ್ಲುಗಾವಲುಗಳಲ್ಲಿ ದಾರಿ ಬಿಟ್ಟು ವಾಹನ ಓಡಿಸಿದರೆ ಹುಲ್ಲೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಹಾಳಾಗುತ್ತವೆ.

ಜೋಡಣೆ ಮತ್ತು ಪರೀಕ್ಷೆ

ರಬ್ಬರ್ ಬುಶ್ ಇರುವ ತೋಳುಗಳ ಬೋಲ್ಟ್‌ಗಳನ್ನು ವಾಹನವು ತನ್ನ ಚಕ್ರಗಳ ಮೇಲೆ ಪೂರ್ಣ ಭಾರದಿಂದ ನಿಂತಿರುವಾಗಲೇ ಕೊನೆಯದಾಗಿ ಬಿಗಿಮಾಡಬೇಕು. ಜ್ಯಾಕಿನ ಮೇಲಿರುವಾಗಲೇ ಬಿಗಿಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ಪೂರ್ತಿ ಇಳಿದಾಗ ಬ್ರೇಕ್ ಕೊಳವೆಗಳು ಬಿಗಿಯಾಗಿ ಎಳೆಯುತ್ತಿಲ್ಲವೆಂಬುದನ್ನು ನೋಡಬೇಕು. ಅನಂತರ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸುವುದು ರೂಢಿ.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಣೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಈ ನಿಬಂಧನೆಯನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಆದ್ದರಿಂದ ಏರಿಕೆಗೆ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ. ಮಧುಗಿರಿಯಲ್ಲಿ ಕೆಎ-64 ನೋಂದಣಿ ಸಂಕೇತದ ಸಾರಿಗೆ ಕಚೇರಿ ಇದೆ. ಮಾರ್ಪಾಡನ್ನು ವಿಮಾ ಸಂಸ್ಥೆಗೂ ತಿಳಿಸಬೇಕು. ಸವೆದ ಮೂಲ ತೋಳಿನ ಬದಲಿಗೆ ಅದೇ ವಿನ್ಯಾಸದ ಹೊಸ ತೋಳನ್ನು ಹಾಕಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ.