ಎಟಿಎಂ ಮುಂದೆ ಫೋನ್ ಹಿಡಿದು ನಿಂತ ವರದಿಗಾರ

ಮೆಕ್ಸಿಕೊದ ಕಾನ್‌ಕುನ್‌ಗೆ ಜನ ಹೋಗುವುದು ಕಡಲು ನೋಡಲು. 2015ರಲ್ಲಿ ಅಮೆರಿಕದ ಸೈಬರ್ ಅಪರಾಧ ವರದಿಗಾರ ಬ್ರಯಾನ್ ಕ್ರೆಬ್ಸ್ ಹೋಗಿದ್ದು ಎಟಿಎಂ ನೋಡಲು. ಸಿಕ್ಕ ಸಿಕ್ಕ ಯಂತ್ರದ ಹತ್ತಿರ ಹೋಗಿ ಫೋನಿನ ಬ್ಲೂಟೂತ್ ಆನ್ ಮಾಡುವುದು, ‘ಫ್ರೀ ಟು ಮೂವ್’ ಎಂಬ ಹೆಸರು ಬರುತ್ತದೆಯೇ ಎಂದು ನೋಡುವುದು, ಮುಂದಿನದಕ್ಕೆ ನಡೆಯುವುದು. ಹೆಸರು ಬಂತೆಂದರೆ ಯಂತ್ರದೊಳಗೆ ಕಳ್ಳರ ಸರ್ಕ್ಯೂಟ್ ಬೋರ್ಡ್ ಕೂತಿದೆ ಎಂದೇ ಲೆಕ್ಕ. ರಿಪೇರಿಯವರಿಗೆ ಲಂಚ ತಿನ್ನಿಸಿ, ಕಾರ್ಡ್ ಓದುವಲ್ಲಿ ಒಂದು, ಪಿನ್ ಒತ್ತುವಲ್ಲಿ ಒಂದು ಬೋರ್ಡ್ ಕೂರಿಸಿದ್ದರು. ಆಮೇಲೆ ಯಂತ್ರ ಬಿಚ್ಚುವ ಗೋಜೇ ಇಲ್ಲ, ಪಕ್ಕದಲ್ಲಿ ನಿಂತು ಎಲ್ಲವನ್ನೂ ಬ್ಲೂಟೂತ್‌ನಲ್ಲೇ ಇಳಿಸಿಕೊಳ್ಳಬಹುದು. ಕ್ರೆಬ್ಸ್ ತಂಗಿದ್ದ ಹೋಟೆಲಿನ ಎಟಿಎಂ ಕೂಡ ಇದೇ ಹೆಸರು ತೋರಿಸುತ್ತಿತ್ತು!

ಕಾರ್ಡ್ ಮಾಹಿತಿ ಕದಿಯುವ ಇಂಥ ‘ಸ್ಕಿಮ್ಮರ್’ಗಳ ಬಗ್ಗೆ ಅವರು ವರ್ಷಗಟ್ಟಲೆ ಫೋಟೊ ಸಮೇತ ಬರೆದಿದ್ದಾರೆ. ಕಾರ್ಡ್ ತೂರಿಸುವ ಬಾಯಿಗೆ ಅಂಟಿಸಿದ ಪ್ಲಾಸ್ಟಿಕ್ ಕವಚ, ಮೇಲಿನಿಂದ ಬೆರಳು ನೋಡುವ ಸೂಜಿಗಣ್ಣಿನ ಕ್ಯಾಮೆರಾ. ಅದಕ್ಕೇ ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯಿರಿ ಎನ್ನುತ್ತಾರೆ. ಒಳಗೇ ಬೋರ್ಡ್ ಇದ್ದರೆ ಕೈ ಅಡ್ಡ ಹಿಡಿದೂ ಪ್ರಯೋಜನವಿಲ್ಲ. ಆದಷ್ಟು ಬ್ಯಾಂಕ್ ಶಾಖೆಯಲ್ಲಿರುವ ಎಟಿಎಂ ಬಳಸಿ ಎಂಬ ಅವರ ಮಾತಿಗೆ ತೂಕ ಬರುವುದು ಇಲ್ಲೇ. ಬರೀ ‘ಎಚ್ಚರವಹಿಸಿ’ ಎಂದರೆ ಯಾರೂ ಕೇಳುವುದಿಲ್ಲ. ಕಳ್ಳ ಹೇಗೆ ಕದ್ದ ಎಂದು ಹೇಳಿ ನೋಡಿ, ಕಿವಿ ನೆಟ್ಟಗಾಗುತ್ತದೆ.

ಇವರೇನೂ ಕಂಪ್ಯೂಟರ್ ಓದಿದವರಲ್ಲ. ಅಂತರರಾಷ್ಟ್ರೀಯ ಅಧ್ಯಯನದ ಪದವೀಧರ, 1995ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸೇರಿದವರು. 2001ರಲ್ಲಿ ‘ಲಯನ್’ ಎಂಬ ವರ್ಮ್ (ತಾನಾಗಿ ಹರಡುವ ಕುತಂತ್ರಾಂಶ) ಮನೆಯ ಕಂಪ್ಯೂಟರಿಗೆ ಹೊಕ್ಕು ಅವರನ್ನೇ ಹೊರಗಿಟ್ಟಿತು. ಗೀಳು ಹತ್ತಿದ್ದು ಅಲ್ಲಿಂದ. ಸೈಬರ್ ಕಳ್ಳರ ಮಾತು ತಿಳಿಯಲೆಂದು ರಷ್ಯನ್ ಕಲಿತರು. 2009ರ ಕೊನೆಗೆ ಪತ್ರಿಕೆಯ ನಂಟು ಮುಗಿದಾಗ ‘ಕ್ರೆಬ್ಸ್ ಆನ್ ಸೆಕ್ಯುರಿಟಿ’ ಎಂಬ ಸ್ವಂತ ಜಾಲತಾಣ ತೆರೆದರು. 2013ರ ಡಿಸೆಂಬರಿನಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಗ್ರಾಹಕರ ಕಾರ್ಡ್ ಮಾಹಿತಿ ಸೋರಿಹೋದದ್ದನ್ನು ಬಯಲಿಗೆ ತಂದವರು ಇವರೇ.

ನಮ್ಮ ಬೆಂಗಳೂರಿಗೂ ಅವರ ಬಿಸಿ ತಟ್ಟಿದೆ. ವಿಪ್ರೊ ಜಾಲಕ್ಕೆ ನುಗ್ಗಿದವರು ಅಲ್ಲಿಂದಲೇ ಅದರ ಗ್ರಾಹಕ ಕಂಪನಿಗಳ ಮೇಲೆ ಕಣ್ಣು ಹಾಕಿದ್ದಾರೆಂದು 2019ರ ಏಪ್ರಿಲ್‌ನಲ್ಲಿ ಬರೆದರು. ಮರುದಿನ ತ್ರೈಮಾಸಿಕ ಫಲಿತಾಂಶದ ಫೋನ್ ಸಭೆಯಲ್ಲಿ ಕಂಪನಿಯ ಅಧಿಕಾರಿಯೊಬ್ಬರು ವರದಿಯಲ್ಲಿ ತಪ್ಪುಗಳಿವೆ ಎಂದರು. ಕ್ರೆಬ್ಸ್ ಅದೇ ಕರೆಯಲ್ಲಿ ಕೇಳಿಸಿಕೊಳ್ಳುತ್ತಿದ್ದರು! ತಮ್ಮ ಸರದಿ ಬಂದಾಗ, ಯಾವುದು ತಪ್ಪು ಹೇಳಿ ಎಂದು ನೇರವಾಗಿ ಕೇಳಿದರು.

ಇಂಥ ಬರಹಕ್ಕೆ ಬೆಲೆ ತೆರದೆ ಇರಲಾಗಲಿಲ್ಲ. 2013ರ ಮಾರ್ಚ್‌ನಲ್ಲಿ ಯಾರೋ ಸುಳ್ಳು ಕರೆ ಮಾಡಿ ಕ್ರೆಬ್ಸ್ ಮನೆಗೆ ಬಂದೂಕು ಹಿಡಿದ ಪೊಲೀಸರನ್ನೇ ಕರೆಸಿದರು. ಕೈಗೆ ಬೇಡಿಯೂ ಬಿತ್ತು. ಅದೇ ವರ್ಷ ಅವರನ್ನು ಸಿಕ್ಕಿಸಲು ಅಂಚೆಯಲ್ಲಿ ಹೆರಾಯಿನ್ ಬಂತು. ಕಳ್ಳರ ಚರ್ಚಾಕೂಟದಲ್ಲಿ ಮೊದಲೇ ಸುಳಿವು ಹಿಡಿದಿದ್ದ ಕ್ರೆಬ್ಸ್ ಪೊಲೀಸರಿಗೆ ತಿಳಿಸಿಟ್ಟಿದ್ದರು. 2016ರಲ್ಲಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್‌ಗಳನ್ನೇ ಸೇನೆ ಮಾಡಿಕೊಂಡ ‘ಮಿರಾಯ್’ ಎಂಬ ಕುತಂತ್ರಾಂಶ ಅವರ ತಾಣದ ಮೇಲೆ ಸೆಕೆಂಡಿಗೆ 620 ಗಿಗಾಬಿಟ್ ಸುರಿಯಿತು. ಅದನ್ನು ಬರೆದ ಯುವಕ ಯಾರೆಂದು ಕೆಲವೇ ತಿಂಗಳಲ್ಲಿ ಕ್ರೆಬ್ಸ್ ಪತ್ತೆ ಹಚ್ಚಿದರು. 2017ರ ಡಿಸೆಂಬರಿನಲ್ಲಿ ಅವನು ತಪ್ಪೊಪ್ಪಿಕೊಂಡ.

ಜನಸಾಮಾನ್ಯರಿಗೆ ಅವರು ಹೇಳುವುದು ಬಲು ಸರಳ: ನೀವಾಗಿ ಹುಡುಕದ ತಂತ್ರಾಂಶ ಹಾಕಿಕೊಳ್ಳಬೇಡಿ, ಹಾಕಿಕೊಂಡದ್ದನ್ನು ಅಪ್‌ಡೇಟ್ ಮಾಡುತ್ತಿರಿ, ಬೇಡವಾದದ್ದನ್ನು ಕಿತ್ತುಹಾಕಿ.

ನಮ್ಮ ಜಿಲ್ಲಾ ಪುಟಗಳಲ್ಲೂ ದಿನಾ ಇಂಥ ಸುದ್ದಿ ಬರುತ್ತದೆ. ನಿವೃತ್ತ ಶಿಕ್ಷಕರೊಬ್ಬರು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿ ಲಕ್ಷಗಟ್ಟಲೆ ಕಳೆದುಕೊಂಡರು, ಸೆನ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ, ಅಷ್ಟೇ. ಅವರ ನಂಬರು ಕಳ್ಳನಿಗೆ ಹೇಗೆ ಸಿಕ್ಕಿತು, ಹಣ ಮೊದಲು ಯಾರ ಖಾತೆಗೆ ಹೋಯಿತು, ಆ ಖಾತೆ ಬಾಡಿಗೆಗೆ ಕೊಟ್ಟ ಹುಡುಗನಿಗೆ ಎಷ್ಟು ಸಿಕ್ಕಿತು? ಇದನ್ನೇ ಬೆನ್ನು ಹತ್ತಲು ಒಬ್ಬ ವರದಿಗಾರನನ್ನು ಒಂದೆರಡು ತಿಂಗಳು ಬಿಡುವ ಕಾಲ ನಮ್ಮ ಪತ್ರಿಕೆಗಳಿಗೆ ಇನ್ನು ಬಂದೀತೆ? ಕ್ರೆಬ್ಸ್ ಕೂಡ ಇದನ್ನೆಲ್ಲ ಹೆಚ್ಚಾಗಿ ಮಾಡಿದ್ದು ಪತ್ರಿಕೆ ಬಿಟ್ಟ ಮೇಲೆಯೇ.