ಮಾಲ್ಟ್ ಸೋಸೋಕೆ ಯಾವ ಚೀಲ? ಕೊಳ್ಳೋ ಮುಂಚೆ ಇದನ್ನ ಕೇಳಿ

ನಂಜನಗೂಡು, ಟಿ. ನರಸೀಪುರ ಕಡೆಯ ಹುಡುಗರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ. "ಅಣ್ಣ, ಯೂಟ್ಯೂಬ್‌ನಲ್ಲಿ ಧಾನ್ಯನ ಬಟ್ಟೆ ಚೀಲಕ್ಕೆ ಹಾಕಿ, ಬಿಸಿನೀರಲ್ಲಿ ನೆನೆಸಿ ಬಿಯರ್ ಮಾಡ್ತಾರಲ್ಲ, ಆ ಚೀಲ ಯಾವ್ದು ತಗೋಬೇಕು?"

ಮೊದಲು ಕಾನೂನು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆ ಉದ್ದೇಶಕ್ಕೆ ಪಾತ್ರೆ, ಸಾಮಾನು ಇಟ್ಟುಕೊಳ್ಳೋದೂ ತಪ್ಪು. ನಂಜನಗೂಡಿನಲ್ಲಿ ಯುನೈಟೆಡ್ ಬ್ರುವರೀಸ್‌ನ ಬಿಯರ್ ಕಾರ್ಖಾನೆಯೇ ಇದೆ. ಅದಕ್ಕೆ ಪರವಾನಗಿ ಇದೆ, ನಮ್ಮ ಅಡುಗೆಮನೆಗಿಲ್ಲ. ಅಮೆರಿಕ, ಇಂಗ್ಲೆಂಡ್‌ನಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. ನೀವು ನೋಡೋ ವಿಡಿಯೋಗಳು ಹೆಚ್ಚಾಗಿ ಅಂಥ ಕಡೆಯವು.

ಹಾಗಾದ್ರೆ ಚೀಲ ಯಾಕೆ? ಬಿಯರ್‌ನ ಮೊದಲ ಅರ್ಧ ಕೆಲಸದಲ್ಲಿ ಮದ್ಯವೇ ಇರಲ್ಲ. ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನ ತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಸುಮಾರು ಒಂದು ಗಂಟೆ ಇಟ್ಟರೆ, ಅದರೊಳಗಿನ ಕಿಣ್ವಗಳು ಪಿಷ್ಟವನ್ನ ಸಕ್ಕರೆ ಮಾಡುತ್ತವೆ. ಸೋಸಿದರೆ ಸಿಗೋದು ಸಿಹಿ ರಸ. ಯೀಸ್ಟ್ ಬಿದ್ದ ಮೇಲೇ ಅದು ಬಿಯರ್. ಮೊಳಕೆ ರಾಗಿಯ ಗಂಜಿ ಮಕ್ಕಳಿಗೆ ಕೊಡೋವಾಗ ತೆಳ್ಳಗಾಗುತ್ತಲ್ಲ, ಅದೂ ಇದೇ ಕಿಣ್ವಗಳ ಕೆಲಸ.

ಈಗ ನಮ್ಮ ಊರಿನ ತೊಡಕಿಗೆ ಬರೋಣ. ವಿಡಿಯೋದಲ್ಲಿ ಬಳಸೋದು ಬಾರ್ಲಿ. ಬಾರ್ಲಿಗೆ ಸಿಪ್ಪೆ ಇರುತ್ತೆ, ಆ ಸಿಪ್ಪೆಗಳೇ ಒಂದರ ಮೇಲೊಂದು ಕೂತು ಜರಡಿ ಥರ ಕೆಲಸ ಮಾಡುತ್ತವೆ. ನಮ್ಮ ಹೊಲದ ರಾಗಿಗೆ ಆ ಸಿಪ್ಪೆ ಇಲ್ಲ, ಕಾಳೂ ಒಂದೂವರೆ ಮಿಲಿಮೀಟರ್ ಆಸುಪಾಸು. ಅಂದ್ರೆ ರಾಗಿಗೆ ಚೀಲವೇ ಜರಡಿ. ಬಾರ್ಲಿಗೆ ಹೊಂದಿದ ಚೀಲ ರಾಗಿಗೂ ಹೊಂದುತ್ತೆ ಅಂದುಕೊಂಡು ಆರ್ಡರ್ ಮಾಡಬೇಡಿ.

ನಾನು ನೋಡೋದು ನಾಲ್ಕು ವಿಷಯ.

ಒಂದು, ತೂತು. ಸೊಳ್ಳೆಪರದೆ ಬಟ್ಟೆ ಬೇಡವೇ ಬೇಡ, ಒಡೆದ ರಾಗಿ ಪೂರ್ತಿ ಆಚೆ ಬರುತ್ತೆ. ಬಾರ್ಲಿಗೆ ಸಾಮಾನ್ಯವಾಗಿ 200ರಿಂದ 250 ಮೈಕ್ರಾನ್, ಅಂದ್ರೆ ಕಾಲು ಮಿಲಿಮೀಟರ್ ತೂತಿನ ಪಾಲಿಯೆಸ್ಟರ್ ಅಥವಾ ನೈಲಾನ್ ಜಾಲರಿ. ರಾಗಿಗೆ ಹಾಲುಬಾಯಿ ಮಾಡುವಾಗ ಹಾಲು ಹಿಂಡೋ ತೆಳು ಹತ್ತಿ ಬಟ್ಟೆಯೇ ವಾಸಿ. ಆದರೆ ನುಣ್ಣಗೆ ಹಿಟ್ಟು ಮಾಡಿದರೆ ಬಟ್ಟೆ ಕಟ್ಟಿಕೊಂಡು ರಸ ಇಳಿಯಲ್ಲ. ರವೆ ಥರ ತರಿ ಇರಲಿ.

ಎರಡು, ಅಳತೆ. ಚೀಲ ಪಾತ್ರೆಯ ಬಾಯಿಗೆ ಹೊರಗಿನಿಂದ ಮಡಚಿ ಕೂರಬೇಕು. 30 ಸೆಂಟಿಮೀಟರ್ ಅಗಲದ ಪಾತ್ರೆಗೆ ಸುತ್ತಳತೆ ಸುಮಾರು 94. ಚೀಲವನ್ನ ನೆಲದ ಮೇಲೆ ಹಾಸಿದಾಗ ಅಗಲ 47 ಬರುತ್ತೆ, ನೀವು 50 ಹೊಲಿಸಿ. ಚಿಕ್ಕ ಚೀಲದಲ್ಲಿ ಧಾನ್ಯ ಮುದ್ದೆಯಾಗಿ, ನಡುವೆ ಒಣಗಿ ಉಳಿಯುತ್ತೆ.

ಮೂರು, ಹೊಲಿಗೆ. ಒಂದು ಕಿಲೋ ಧಾನ್ಯ ಹೆಚ್ಚುಕಡಿಮೆ ಒಂದು ಲೀಟರ್ ನೀರು ಕುಡಿಯುತ್ತೆ. ಐದು ಕಿಲೋ ಹಾಕಿದರೆ ಎತ್ತುವಾಗ ಹತ್ತು ಕಿಲೋ, ಅದೂ ಕುದಿ ಬಿಸಿ. ಹೊಲಿಗೆ ಬಿಚ್ಚಿದರೆ ಕಾಲ ಮೇಲೆ ಬೀಳುತ್ತೆ. ಡಬಲ್ ಹೊಲಿಗೆ ಹಾಕಿಸಿ, ಬಟ್ಟೆಯ ಅಂಚು ಹೊರಗಿರಲಿ, ಕೆಳಗೆ ಮೂಲೆ ಬೇಡ, ದುಂಡಗಿರಲಿ. ನಿಮ್ಮೂರ ಟೈಲರ್ ಅಣ್ಣನಿಗೆ ಇದು ಹತ್ತು ನಿಮಿಷದ ಕೆಲಸ. ಮೊದಲ ಸಲ ಅರ್ಧ ಕಿಲೋ ರಾಗಿ, ಮೂರು ಲೀಟರ್ ನೀರು ಸಾಕು.

ನಾಲ್ಕು, ಬಟ್ಟೆಯ ಗುಣ. ಬಣ್ಣ ಹಾಕದ ಬಟ್ಟೆ ತಗೊಳ್ಳಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತೆ, ಒಮ್ಮೆ ನೀರಲ್ಲಿ ಕುದಿಸಿ ಹಿಂಡಿ. ವಾಸನೆ ಸೋಪು ಬೇಡ. ಪಾತ್ರೆ ತಳಕ್ಕೆ ತೂತಿನ ಇಡ್ಲಿ ತಟ್ಟೆ ಕವುಚಿಡಿ. ಇಲ್ಲದಿದ್ರೆ ಉರಿ ನೇರ ತಾಗಿ ಚೀಲ ಸುಟ್ಟು ತೂತಾಗುತ್ತೆ.

ಬಿಸಿ ಚೀಲವನ್ನ ಬರಿಗೈಲಿ ಹಿಂಡಬೇಡಿ. ಪಾತ್ರೆ ಮೇಲೆ ಜಾಲರಿ ಇಟ್ಟು ತಾನಾಗೇ ಬಸಿಯೋಕೆ ಬಿಡಿ. ಉಳಿದ ಚರಟ ಹಸುಗೆ ಹಾಕಿ. ಚೀಲವನ್ನ ಆಗಲೇ ಒಳಹೊರಗು ತಿರುಗಿಸಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒದ್ದೆ ಇಟ್ಟರೆ ಬೂಷ್ಟು ಹಿಡಿಯುತ್ತೆ.

ಕೊನೆಯ ಮಾತು, ಇದನ್ನ ಮರೀಬೇಡಿ. ರಸವನ್ನ ಹತ್ತು ನಿಮಿಷ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಕುಡಿದು ಮುಗಿಸಿ. ಹೊರಗೆ ಬಿಟ್ಟರೆ ಗಾಳಿಯಲ್ಲಿರೋ ಯೀಸ್ಟ್ ಬಿದ್ದು ತಾನಾಗೇ ಹುಳಿ ಹಿಡಿಯುತ್ತೆ. ಯೀಸ್ಟ್ ಹಾಕದ ಸಿಹಿ ರಸ ಮನೆ ಪಾನೀಯ, ಯೀಸ್ಟ್ ಹಾಕಿದರೆ ಅಬಕಾರಿ ವಿಷಯ. ಅಲ್ಲಿಗೇ ನಿಲ್ಲಿಸಿ, ಬೆಲ್ಲ, ಏಲಕ್ಕಿ ಹಾಕಿ ಕುಡಿಯಿರಿ.